ನದಾಫರ ಮನೆಯಲ್ಲಿ ಹತ್ತಿ ಇರಲಿಲ್ಲ

ಆಗ ನನಗೆ ನಲವತ್ತೊಂದು. ಈ ಮಾತಿಗೆ ಮೂವತ್ತೇಳು ವರ್ಷ ಆಯಿತು. ನಾನು ಹುಟ್ಟಿದ ದಿನವನ್ನು ಯಾರೂ ಬರೆದಿಟ್ಟಿಲ್ಲ, ಹಾಗಾಗಿ ಒಂದು ವರ್ಷ ಆಚೆ ಈಚೆ ಇದ್ದೀತು. ಉಳಿದದ್ದು ನೆನಪಿದೆ.

ಆ ವರ್ಷ ನನ್ನ ಮಗಳು ಟೀಚರ್ ತರಬೇತಿಗೆ ಅರ್ಜಿ ಹಾಕಿದ್ದಳು. ಮಾರ್ಕು ತಕ್ಕಮಟ್ಟಿಗೆ ಇದ್ದವು, ಅಷ್ಟರಿಂದಲೇ ಸೀಟು ಸಿಗುವಂತಿರಲಿಲ್ಲ. ಹಿಂದುಳಿದವರ ಪಟ್ಟಿಯಲ್ಲಿ ನದಾಫ ಎಂದು ಇದೆ, ಜೇವರ್ಗಿ ತಹಸೀಲಿನಿಂದ ಅದರ ಸರ್ಟಿಫಿಕೇಟು ತಂದು ಹಚ್ಚಿದರೆ ಸೀಟು ಸಿಗುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಅವಳ ಹೆಡ್‌ಮಾಸ್ತರು ಹೇಳಿದ್ದರು. ಶನಿವಾರ ಕೊನೆಯ ದಿನ. ಸೀಟು ಸಿಗದಿದ್ದರೆ ಆಳಂದ ತಾಲೂಕಿನ ಮಟಕಿಯಲ್ಲಿರುವ ನನ್ನ ನಾದಿನಿಯ ಮಗನಿಗೆ ಅವಳನ್ನು ಕೊಡುವುದೆಂದು ನನ್ನ ಗಂಡ ಮಾತು ಕೊಟ್ಟಿದ್ದ. ವರ ಕೆಟ್ಟವನಲ್ಲ. ಮಗಳಿಗೆ ಬೇಡವಾಗಿತ್ತು, ಅಷ್ಟೆ. ಊಟದ ತಾಟಿನ ಮುಂದೆ ಕೂತು ಉಣ್ಣದೆ ಏಳುವುದನ್ನು ಅವಳು ಆ ವಾರ ಕಲಿತಳು.

ನದಾಫ ಎಂಬುದು ನಮ್ಮ ಅಡ್ಡಹೆಸರು. ಊರಲ್ಲಿ ಅದನ್ನು ಯಾರೂ ಬಾಯಿಂದ ಆಡುತ್ತಿರಲಿಲ್ಲ. ಎಲ್ಲರಿಗೂ ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ, ದಿಂಬು, ರಜಾಯಿ ತುಂಬುವವರು. ಪಿಂಜಾರರ ಮನೆ, ಪಿಂಜಾರರ ಓಣಿ, ಪಿಂಜಾರರ ಸೊಸೆ. ನದಾಫ ಇದ್ದದ್ದು ಕಾಗದದ ಮೇಲೆ. ನನ್ನ ತವರು ಅಫಜಲಪುರದ ಕಡೆ, ಭೀಮಾ ದಂಡೆಯ ಊರು. ಅಲ್ಲಿಯೂ ನಮ್ಮನ್ನು ಪಿಂಜಾರರೆಂದೇ ಕರೆದರು. ನದಾಫ ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ನನ್ನ ನಿಖಾದ ದಿನ, ಕಾಜಿ ಸಾಹೇಬರು ಎರಡೂ ಮನೆತನದ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುವಾಗ. ಗಂಡಿನ ಕಡೆಯವರೂ ನದಾಫ, ಹೆಣ್ಣಿನ ಕಡೆಯವರೂ ನದಾಫ. ನಮ್ಮವ್ವ ಅದನ್ನು ಕೇಳಿ, ಇವರು ನಮಗೆ ಹಳೆಯ ಬೀಗರೇ ಇರಬೇಕು ಅಂದಳು. ಹಾಗೇನೂ ಇರಲಿಲ್ಲ.

ಮದುವೆಯಾಗಿ ನಾಲ್ಕು ಊರು ತಿರುಗಿದ ಮೇಲೆ ನನಗೆ ಗೊತ್ತಾಯಿತು, ಈ ಹೆಸರಿನವರು ಎಲ್ಲ ಕಡೆ ಇದ್ದಾರೆ. ಆಳಂದದಲ್ಲಿ, ಅಫಜಲಪುರದಲ್ಲಿ, ಜೇವರ್ಗಿಯಲ್ಲಿ, ಇಜೇರಿಯಂಥ ದೊಡ್ಡ ಊರಿನಲ್ಲಿ, ಇಪ್ಪತ್ತು ಮನೆಯ ಸಣ್ಣ ಊರಿನಲ್ಲಿಯೂ. ಆದರೆ ಊರಿಗೆ ಒಂದು ಮನೆ, ಹೆಚ್ಚೆಂದರೆ ಎರಡು. ಒಂದು ಊರಿನ ಗಾದಿ ಎಷ್ಟಾದಾವು? ಮೂರನೆಯ ಮನೆಗೆ ಕೆಲಸ ಸಾಲುವುದಿಲ್ಲ, ಅವರು ಮುಂದಿನ ಊರಿಗೆ ಹೋಗುತ್ತಾರೆ. ಹೀಗೆ ಹೋಗಿ ಹೋಗಿ ಹರಡಿದ್ದು. ಹೆಣ್ಣು ಕೊಡಬೇಕಾದರೆ ನಮ್ಮವರು ಎರಡು ತಾಲೂಕು ದಾಟುತ್ತಿದ್ದದ್ದು ಅದಕ್ಕೇ. ಒಕ್ಕಲಿಗರಿಗೆ ಓಣಿ ತುಂಬ ಅಣ್ಣತಮ್ಮಂದಿರು. ನಮಗೆ ಜಗಳವಾದರೆ ಬಿಡಿಸಲು ಬರುವ ನೆಂಟರೂ ಬಸ್ಸು ಹತ್ತಿ ಬರಬೇಕು.

ನನ್ನ ಮಾವ ಬಿಲ್ಲು ಹೆಗಲ ಮೇಲಿಟ್ಟು ಅಂದೋಲಾದ ತನಕ ನಡೆದು ಹಿಂಜಿ ಬರುತ್ತಿದ್ದ. ಆ ಬಿಲ್ಲು ಆಳೆತ್ತರ. ಅದಕ್ಕೆ ನರದ ಹುರಿಯನ್ನು ಬಿಗಿದಿರುತ್ತಾರೆ. ಹತ್ತಿಯೊಳಗೆ ನರವನ್ನಿಟ್ಟು ಕಟ್ಟಿಗೆಯ ಕೊಡತಿಯಿಂದ ಹೊಡೆದರೆ ಟಂಯ್ ಎಂದು ನಡುಗಿ ಹತ್ತಿಯ ಗಂಟು ಬಿಡಿಸುತ್ತದೆ. ಹಿಂಜಿದ ಮೊದಲ ಹಿಡಿ ಹತ್ತಿಯನ್ನು ಆ ಮನೆಯವರ ದೇವರ ಬತ್ತಿಗೆಂದು ತೆಗೆದಿಡುವುದು ಮಾವನ ಪದ್ಧತಿ. ಅವನು ನಮಾಜು ಮಾಡುತ್ತಿದ್ದ, ಲಿಂಗಾಯತರ ಮನೆಯ ಬತ್ತಿಗೆ ಹತ್ತಿಯನ್ನೂ ತೆಗೆದಿಡುತ್ತಿದ್ದ. ಎರಡಕ್ಕೂ ಯಾರೂ ಏನೂ ಅಂದಿರಲಿಲ್ಲ.

ಹೆಂಗಸರು ಬಿಲ್ಲು ಹಿಡಿಯಬಾರದು, ದಾಟಲೂ ಬಾರದು. ಬೀಜ ಆರಿಸುವುದು, ಗವಸು ಹೊಲಿಯುವುದು ನಮ್ಮ ಕೆಲಸ. ಒಂದು ಸಲ ಗೌಡರ ಮನೆಯ ಮದುವೆಗೆ ಗಾದಿ ಕೊಡಬೇಕಿತ್ತು, ಮಾವ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಿದ್ದ. ಹಿಂಜುವವರಿಗೆಲ್ಲ ಕೊನೆಗೆ ಅದೇ ಕೆಮ್ಮು. ಮಲಗಿದಲ್ಲಿಂದಲೇ ಹೇಳಿಕೊಟ್ಟ, ನಾನು ಹಿಡಿದು ಹೊಡೆದೆ. ಗೌಡರ ಮಗಳು ಆ ಗಾದಿಯನ್ನು ಗಂಡನ ಮನೆಗೆ ಒಯ್ದಳು. ಮಾವ ತೀರಿದ ಮೇಲೆ ಯಾರಿಗಾದರೂ ಬೇಕಾದಾಗ ನಾನೇ ಹಿಂಜಿಕೊಟ್ಟೆ.

ನನ್ನ ಗಂಡನಿಗೆ ಆ ಕೆಲಸವೆಂದರೆ ಆಗುತ್ತಿರಲಿಲ್ಲ. ಅಪ್ಪನ ಹಿಂದೆ ಹದಿನೈದು ವರ್ಷ ತಿರುಗಿ ಕಲಿತವನೇ, ಆದರೆ ಎರಡು ಎಕರೆ ಹೊಲ ಪಾಲಿಗೆ ಸಿಕ್ಕಿದ ದಿನ ಬಿಲ್ಲು ಕೆಳಗಿಟ್ಟ. ಒಮ್ಮೆ ಆಳಂದದ ದರ್ಗಾಕ್ಕೆ ಹೋದಾಗ ಯಾರೋ ಅವನಿಗೆ ನದಾಫ ಎಂಬುದು ಅರಬಸ್ತಾನದ ಹೆಸರು ಅಂದರಂತೆ. ಅಷ್ಟು ಖರೆ. ಉಳಿದದ್ದನ್ನು ಅವನೇ ಸೇರಿಸಿದ. ನಮ್ಮ ಹಿರಿಯರು ಅರಬಸ್ತಾನದಿಂದ ಕುದುರೆಗಳ ಜೊತೆ ಹಡಗಿನಲ್ಲಿ ಬಂದರು, ಸುಲ್ತಾನನ ದರಬಾರದಲ್ಲಿದ್ದರು, ಆಮೇಲೆ ಈ ಕಡೆ ಬಂದು ಉಳಿದರು. ಪಿಂಜಾರ ಎಂಬುದು ಇಲ್ಲಿಯ ತಿಳಿಯದ ಮಂದಿ ಕರೆದದ್ದು, ನಮ್ಮ ಖಾಸ್ ಹೆಸರು ನದಾಫ. ಹೋಟೆಲಿನಲ್ಲಿ, ಬಸ್ ನಿಲ್ದಾಣದಲ್ಲಿ, ಬೀಗರ ಮುಂದೆ ಇದೇ ಕಥೆ. ಕೇಳಿ ಕೇಳಿ ನಾನೂ ಅರ್ಧ ನಂಬಿದ್ದೆ. ನನಗೆ ಆಗ ಅಕ್ಷರ ಬರುತ್ತಿರಲಿಲ್ಲ, ಹೆಬ್ಬೆಟ್ಟು. ಬರೆಯಲು ಕಲಿತದ್ದು ಆಮೇಲೆ, ಮಗಳ ಹತ್ತಿರ.

ಬುಧವಾರ ಚಾವಡಿಯ ಆಳು ವಾಲಿಕಾರ ಬಂದು, ನಾಳೆ ಗಿರದಾವರ ನಿಮ್ಮ ಮನೆಗೆ ಬರುತ್ತಾರೆ ಎಂದು ಹೇಳಿ ಹೋದ. ಗಿರದಾವರ ಎಂದರೆ ತಹಸೀಲಿನಿಂದ ಹಳ್ಳಿಗೆ ಬಂದು, ಅರ್ಜಿಯಲ್ಲಿ ಬರೆದದ್ದು ಹೌದೋ ಅಲ್ಲವೋ ಕಣ್ಣಿಂದ ನೋಡಿ ವರದಿ ಬರೆಯುವವರು. ಅವರು ಹೌದು ಎಂದರೆ ಸರ್ಟಿಫಿಕೇಟು ಆಗುತ್ತದೆ.

ಗಂಡ ಅವತ್ತು ಹೊಲಕ್ಕೆ ಹೋಗಲಿಲ್ಲ.

"ಮನಿ ಅನ್ನೂದು ಮನಿ ಇದ್ದಂಗ ಇರಬೇಕು. ಹತ್ತಿ ಗಿತ್ತಿ ಒಂದ್ ಎಳಿ ಕಾಣಬಾರ್ದು ನೋಡು," ಅಂದ.

"ಯಾಕ್ರಿ, ಹತ್ತಿ ಇದ್ರ ಏನಾಗ್ತದ?"

"ನಿನಗೇನ್ ತಿಳೀತದ. ಸಾಲಿ ಕಾಗದದಾಗ ನದಾಫ ಅಂತ ಅದ. ಸಾಹೇಬ್ರು ಬಂದು ಪಿಂಜಾರನ ಮನಿ ಕಂಡ್ರ ನದಾಫ ಅಂತ ಹ್ಯಾಂಗ ಬರೀತಾರ?"

ನನಗೆ ಅದು ಸರಿ ಎನಿಸಿತು. ಈಗ ಎಲ್ಲ ತಪ್ಪನ್ನೂ ಅವನ ಮೇಲೆ ಹಾಕುವುದು ಸುಲಭ. ಆದರೆ ಕಸಬರಿಗೆ ಹಿಡಿದವಳು ನಾನು. ಹತ್ತಿ ಹಿಂಜುವ ಮನೆಯಲ್ಲಿ ತೊಲೆ, ಜಂತಿ, ಗೋಡೆಯ ಬಿರುಕು, ಉಪ್ಪಿನ ಗಡಿಗೆಯ ಕಂಠ, ಎಲ್ಲ ಕಡೆ ಎಳೆ ಹತ್ತಿಕೊಂಡಿರುತ್ತದೆ. ಏಣಿ ಹಾಕಿ ತೊಲೆ ಒರೆಸಿದೆ. ಎರಡು ಬುಟ್ಟಿ ಕಸ ಬಂತು. ಕೋಣೆಯಲ್ಲಿ ಒಂದು ಚೀಲ ಅರಳೆ ಇತ್ತು, ಅದನ್ನು ಗಂಡ ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಹೊಲದ ಗುಡಿಸಲಿನಲ್ಲಿ ಹಾಕಿ ಬಂದ. ಗೋಡೆಗೆ ಸುಣ್ಣ ಹೊಡೆದೆವು. ಗೌಡರ ಮನೆಯಿಂದ ಎರಡು ಕುರ್ಚಿ ತಂದೆವು.

ಬಿಲ್ಲು ಉಳಿಯಿತು. ಅದನ್ನು ಮುಚ್ಚಿಡಲು ನಮ್ಮ ಮನೆಯಲ್ಲಿ ಜಾಗ ಇರಲಿಲ್ಲ. ಪಕ್ಕದ ಮನೆಯ ಲಿಂಗಾಯತರ ಮುದುಕಿಯ ಹತ್ತಿರ ಒಯ್ದೆ. ಅವಳನ್ನು ಊರೆಲ್ಲ ದೊಡ್ಡವ್ವ ಅನ್ನುತ್ತಿತ್ತು. ಮಾತು ಒರಟು.

"ಯಾಕ ಬೇ, ಬಿಲ್ಲ ಹೊತ್ಗೊಂಡ್ ಬಂದಿ? ಗಂಡನ ಬಡದಿ ಏನು?"

"ಇಲ್ರಿ ದೊಡ್ಡವ್ವ. ನಾಳಿ ಗಿರದಾವರ ಬರ್ತಾರಂತ. ಒಂದಿನ ನಿಮ್ಮಲ್ಲಿ ಇರ್ಲಿ."

"ಗಿರದಾವರಗ ಬಿಲ್ಲ ಕಂಡ್ರ ಅಂಜಿಕಿ ಬರ್ತದನು?"

"ಇವರು ಬ್ಯಾಡಂತಾರ್ರಿ."

"ನಿನ್ನ ಗಂಡ ಭಾಳ ಶ್ಯಾಣ್ಯಾ ಇದ್ದಾನ ಬಿಡು. ಇಡು ಅಲ್ಲಿ, ಜ್ವಾಳದ ಚೀಲದ ಹಿಂದ."

ಗುರುವಾರ ಹನ್ನೊಂದು ಗಂಟೆಯ ಬಸ್ಸಿಗೆ ಗಿರದಾವರ ಬಂದರು. ಇನ್ನೇನು ರಿಟೈರು ಆಗುವ ವಯಸ್ಸು. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಚರ್ಮದ ಚೀಲ. ಗಂಡ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಶುಕ್ರವಾರದ ಟೋಪಿ ಇಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದ. ನಾನು ಚುರಮುರಿ ನೆನೆಸಿ ಸುಸಲಾ ಮಾಡಿದ್ದೆ. ಅವರು ಅದನ್ನು ಮುಟ್ಟಲಿಲ್ಲ, ಚಹಾ ಕುಡಿದರು. ನಾನೂ ಮಗಳೂ ಒಳಗಿನ ಬಾಗಿಲಿನ ಹಿಂದೆ ಇದ್ದೆವು.

"ಏನ್ ಉದ್ಯೋಗ ನಿಮ್ದು?" ಎಂದು ಕೇಳಿದರು.

"ಒಕ್ಕಲುತನ್ರಿ. ಎರಡ ಎಕರೆ ಅದರಿ. ತೊಗರಿ, ಜ್ವಾಳ."

"ನಿಮ್ಮ ತಂದಿಯವರದು?"

"ಅವರದೂ ಅದೇರಿ."

"ಹತ್ತಿ ಹಿಂಜೂ ಕೆಲಸ?"

"ಛೇ ಛೇ. ನಮ್ಮ ಮನಿತನದಾಗ ಇಲ್ಲರಿ ಅದು. ಅದು ಪಿಂಜಾರರ ಕೆಲಸ. ನಾವು ನದಾಫರು. ಅರಬಸ್ತಾನದಿಂದ ಬಂದವರು."

ಗಿರದಾವರ ತಲೆ ಎತ್ತಿ ತೊಲೆ ನೋಡಿದರು. ಮೂಲೆ ನೋಡಿದರು. ಹೊಸ ಸುಣ್ಣದ ಗೋಡೆ ನೋಡಿದರು.

"ವಿಚಾರ ಮಾಡಿ ಹೇಳ್ರಿ. ಎಂದೂ ಹಿಂಜಿಲ್ಲ? ಮನ್ಯಾಗ ಬಿಲ್ಲು, ಹತ್ತಿ, ಏನೂ ಇಲ್ಲ?"

"ಕಸಮ್ ಸಾಹೇಬ್ರ. ಬೇಕಾದ್ರ ಒಳಗ ಹೊಕ್ಕು ನೋಡ್ರಿ."

ಅವರು ಬರೆದರು, ಓದಿ ಹೇಳಿದರು, ಗಂಡ ಸಹಿ ಮಾಡಿದ. ಉದ್ದನೆಯ ಸಹಿ, ಕೆಳಗೆ ಎರಡು ಗೆರೆ ಬೇರೆ. ಅವರ ಜೊತೆ ಬಂದಿದ್ದ ವಾಲಿಕಾರ ಮುಖ ಆಚೆ ತಿರುಗಿಸಿಕೊಂಡು ನಿಂತಿದ್ದ. ಅವನ ಮದುವೆಯ ಗಾದಿ ಹಿಂಜಿದ್ದು ನನ್ನ ಮಾವ.

ಹೊರಡುವಾಗ ಕೈ ತೊಳೆಯಲು ನೀರು ಕೇಳಿದರು. ನಾನು ತಂಬಿಗೆ ಹಿಡಿದು ಅಂಗಳಕ್ಕೆ ಹೋದೆ. ಕೈಗೆ ನೀರು ಹಾಕುವಾಗ ಸಣ್ಣ ದನಿಯಲ್ಲಿ ಕೇಳಿದರು.

"ಏನವ್ವಾ, ಮಗಳು ಓದೂದು ನಿಮಗ ಬ್ಯಾಡಾಗ್ಯಾದನು?"

"ಯಾಕ್ರಿ ಸಾಹೇಬ್ರ?"

"ನದಾಫ ಅಂದ್ರ ಏನಂತ ತಿಳದೀರಿ?"

"ಅರಬಸ್ತಾನದ ಹೆಸರಂತ್ರಿ."

"ಹೌದು, ಅರಬ್ಬಿ ಮಾತು. ಹತ್ತಿ ಹಿಂಜಾವ ಅಂತ ಅದರ ಅರ್ಥ. ಬ್ಯಾರೆ ಏನೂ ಇಲ್ಲ. ಇಲ್ಲಿಯ ಮಂದಿ ಪಿಂಜಾರ ಅಂದ್ರು, ದಫ್ತರದವರು ಅದನ್ನೇ ನದಾಫ ಅಂತ ಬರಕೊಂಡ್ರು. ಅರಬಸ್ತಾನದಿಂದ ಬಂದದ್ದು ಹೆಸರು, ನೀವಲ್ಲ."

ನನ್ನ ಕೈಯ ತಂಬಿಗೆ ಸರಿಯಾಗಿಯೇ ಇತ್ತು. ನೀರು ಅವರ ಧೋತರದ ಮೇಲೆ ಬಿತ್ತು ಎಂದೆಲ್ಲ ಹೇಳುವುದಿಲ್ಲ. ನಾನು ಕೇಳಿದೆ, "ನಿಮಗ ಹ್ಯಾಂಗ ಗೊತ್ರಿ?"

"ನಾ ನಿಜಾಮನ ಕಾಲದ ಸಾಲ್ಯಾಗ ಉರ್ದು ಓದಿದಾವ. ನಮ್ಮ ಅಡ್ಡಹೆಸರೂ ಅರಬ್ಬಿನೇ, ಮುನಸಿ. ಬರಿಯಾವ ಅಂತ ಅರ್ಥ. ನಮ್ಮಜ್ಜ ದೇಸಾಯರ ವಾಡೇದಾಗ ಕಾಗದ ಬರೀತಿದ್ದ. ಹಣಿ ಮ್ಯಾಲ ಇಭೂತಿ ಅದ, ಹೆಸರು ಅರಬ್ಬಿ. ಅದಕ್ಕ ನಾವೇನ್ ಹಡಗದಾಗ ಬಂದೇವಂತ ಹೇಳ್ಕೋತ ತಿರಗೂದಿಲ್ಲ. ಅತ್ತಾರ ಅಂದ್ರ ಅತ್ತರು ಮಾರಾವ, ಕಸಾಬ ಅಂದ್ರ ಕುರಿ ಕೊಯ್ಯಾವ. ನಿಮ್ಮ ಯಜಮಾನ ಹಿಂಜೂದು ನಮಗ ಗೊತ್ತೇ ಇಲ್ಲ ಅಂತ ಸಹಿ ಮಾಡ್ಯಾರ. ನಾ ಹ್ಯಾಂಗ ನದಾಫ ಅಂತ ಬರೀಲಿ?"

"ಅವರು ಸುಳ್ಳ ಹೇಳ್ಯಾರ್ರಿ."

"ಸುಳ್ಳಿಗೆ ಸಹಿ ಅದ ಅವ್ವಾ. ಖರೇಕ್ಕ ಏನದ?"

ಇನ್ನೊಂದು ತಾಸು ಚಾವಡಿಯಲ್ಲಿ ಇರುತ್ತೇನೆ, ಪಹಣಿ ಕೆಲಸ ಇದೆ, ತೋರಿಸುವುದು ಏನಾದರೂ ಇದ್ದರೆ ಅಷ್ಟರೊಳಗೆ ತೋರಿಸಿ ಎಂದು ಹೇಳಿ ಹೋದರು.

ಒಳಗೆ ಗಂಡ ಕುರ್ಚಿಯ ಮೇಲೆ ಕೂತು ಸುಸಲಾ ತಿನ್ನುತ್ತಿದ್ದ.

"ನೋಡಿದೇನು? ಒಂದ್ ಮಾತ್ ತಿರುಗಿ ಕೇಳ್ಲಿಲ್ಲ. ಮನಿ ನೋಡಿದ ಕೂಡ್ಲೇ ಗೊತ್ತಾತು ಅವರಿಗೆ."

ನಾನು ಕೇಳಿಕೊಂಡು ಬಂದದ್ದನ್ನು ಹೇಳಿದೆ. ಅವನು ಅಗಿಯುವುದನ್ನು ನಿಲ್ಲಿಸಿದ.

"ಹಂಗ ಇರಲಿಕ್ಕಿಲ್ಲ. ಅವರು ಲಿಂಗಾಯತರು, ಅರಬ್ಬಿ ಅವರಿಗೇನ್ ಗೊತ್ತು?"

"ಓದ್ಯಾರಂತ."

"ನಾ ಓದಿಲ್ಲೇನು?"

"ಎಲ್ಲಿ ಓದೀರಿ?"

ಮಗಳು ಒಳಗಿನಿಂದ ಹೊರಗೆ ಬಂದಳು. ಅಳುತ್ತಿರಲಿಲ್ಲ. "ಅಪ್ಪಾ, ನನ್ನ ಮಟಕಿಗೆ ಕಳಸೂದು ಇದ್ರ ಸೀದಾ ಹೇಳಬೇಕಿತ್ತು. ಇಷ್ಟು ಸುಣ್ಣ ಯಾಕ ಹಚ್ಚಿದ್ರಿ?" ಅಂದಳು. ಅವನು ತಾಟು ಕೆಳಗಿಟ್ಟು ಗೋಡೆ ನೋಡುತ್ತ ಕೂತ. ಮೊದಲು ನನಗೆ ಅವನ ಮೇಲೆ ಸಿಟ್ಟು ಬಂತು, ಆಮೇಲೆ ತೊಲೆ ಒರೆಸಿದ ನನ್ನ ಕೈ ಮೇಲೆ ಬಂತು. ಸಿಟ್ಟು ಮಾಡುತ್ತ ಕೂರಲು ವೇಳೆ ಇರಲಿಲ್ಲ, ಇದ್ದದ್ದು ಒಂದೇ ತಾಸು.

ದೊಡ್ಡವ್ವನ ಮನೆಗೆ ಹೋಗಿ ಬಿಲ್ಲು, ಕೊಡತಿ ಎತ್ತಿಕೊಂಡೆ.

"ಈಗ ಯಾರ ಬಡಿಯಾಕ ಹೊಂಟಿ ಬೇ?"

ನಾನು ವಿಷಯ ಹೇಳಿದೆ. ಅವಳು ಪೂರ್ತಿ ಕೇಳುವ ಮೊದಲೇ ಕೋಲು ಹಿಡಿದು ಎದ್ದಳು. ಎರಡು ಹೆಜ್ಜೆ ಇಟ್ಟು ನಿಂತಳು. "ಹಿಂಜಾಕ ಹತ್ತಿ ಎಲ್ಲಿ?"

ಅದು ನನ್ನ ತಲೆಗೆ ಬಂದಿರಲಿಲ್ಲ. ಹತ್ತಿಯ ಚೀಲ ಹೊಲದ ಗುಡಿಸಲಿನಲ್ಲಿತ್ತು, ಹೋಗಿ ಬರುವುದಕ್ಕೇ ಒಂದು ತಾಸು ಬೇಕು. ಗುಡಿಸಿ ತೆಗೆದ ಎರಡು ಬುಟ್ಟಿಯನ್ನು ನಿನ್ನೆಯೇ ಸುಟ್ಟಿದ್ದೆ. ನಾವು ಮಲಗುತ್ತಿದ್ದದ್ದು ಹಳೆ ಸೀರೆಯ ಕೌದಿಯ ಮೇಲೆ, ಅದರಲ್ಲಿ ಹತ್ತಿ ಇಲ್ಲ. ಮೂರು ತಲೆಮಾರಿನಿಂದ ಹತ್ತಿಯ ಎಳೆ ಬಿಡಿಸಿಕೊಂಡು ಬಂದ ನದಾಫರ ಮನೆಯಲ್ಲಿ ಆ ದಿನ ಮೂಗಿಗೆ ಇಡಲೂ ಹತ್ತಿ ಇರಲಿಲ್ಲ.

ದೊಡ್ಡವ್ವ ತನ್ನ ಹಾಸಿಗೆಯಿಂದ ದಿಂಬು ತಂದಳು. ಈಳಿಗೆಯಿಂದ ಅದರ ಹೊಲಿಗೆ ಕೊಯ್ದಳು. "ತಗೋ. ನಿನ್ನ ಮಾವ ತುಂಬಿದ್ದು. ಈಗ ಕಲ್ಲಾಗ್ಯಾದ, ಇದನ್ನ ಹಿಂಜು," ಅಂದಳು.

ಚಾವಡಿಯಲ್ಲಿ ಗೌಡರು, ನಾಲ್ಕೈದು ಮಂದಿ ಒಕ್ಕಲಿಗರು, ವಾಲಿಕಾರ. ಗಿರದಾವರ ಪುಸ್ತಕ ಹರಡಿಕೊಂಡು ಕೂತಿದ್ದರು. ಚಾವಡಿಯ ಕಟ್ಟೆ ಹೆಂಗಸರು ಹತ್ತುವ ಜಾಗವಲ್ಲ. ನಾನು ಹತ್ತಿದೆ, ನೆಲದ ಮೇಲೆ ಕೂತೆ, ದಿಂಬಿನ ಹತ್ತಿ ಸುರುವಿ ಬಿಲ್ಲು ಹಿಡಿದು ಹೊಡೆಯಲು ಶುರು ಮಾಡಿದೆ. ಯಾರಿಗೂ ಏನೂ ಹೇಳಲಿಲ್ಲ. ಹೇಳುವುದಕ್ಕಿಂತ ಅದು ಸುಲಭ ಎನಿಸಿತು.

ಹಳೆಯ ಹತ್ತಿ, ಮೊದಲು ಧೂಳು ಎದ್ದಿತು. ಗಿರದಾವರ ಮೂಗಿಗೆ ವಸ್ತ್ರ ಹಿಡಿದು ಪುಸ್ತಕ ಮುಚ್ಚಿದರು. ಎಳೆ ಹಾರಿ ಗೌಡರ ಮೀಸೆಯ ಮೇಲೆ ಕೂತಿತು.

"ಗೌಡ್ರ, ಒಮ್ಮಿಂದೊಮ್ಮೆ ಮುದುಕ ಆದ್ರಲ್ಲ," ಎಂದು ಯಾರೋ ಅಂದರು.

"ಏ ಸಾಕ ನಿಲ್ಸು ತಂಗಿ, ಉಸರ ಕಟ್ಟಿ ಸಾಯ್ತೇವಿ," ಎಂದು ಗೌಡರು ಅಂದರು.

ದೊಡ್ಡವ್ವ ಕೋಲೂರಿಕೊಂಡು ಕೆಳಗೆ ನಿಂತು ಗಿರದಾವರಿಗೆ ಹೇಳಿದಳು, "ಬರಕೋರಿ ಸಾಹೇಬ್ರ. ಈಕಿ ಮಾವ ಹಿಂಜಿದ ಗಾದಿ ಮ್ಯಾಲ ನಮ್ಮ ಮನ್ಯಾಗ ಏಳು ಬಾಳಂತನ ಆಗ್ಯಾವ. ಅದರಾಗ ಮೂರು ನಂದ. ಇವರು ಪಿಂಜಾರರು ಅಲ್ಲಂದ್ರ ಆ ಏಳು ಮಂದಿನ್ನೂ ಕರಸ್ತೇನಿ."

ಮಂದಿ ನಕ್ಕರು. ಗಿರದಾವರ ನಗಲಿಲ್ಲ. ನೀವು ಹೇಳುವುದು ಸರಿ, ಆದರೆ ಮನೆಯ ಯಜಮಾನ ಸ್ವಂತ ಕೈಯಿಂದ ಸಹಿ ಮಾಡಿಕೊಟ್ಟಿದ್ದಾನೆ, ಅದು ತಪ್ಪು ಎಂದು ಅವನೇ ಬರೆದುಕೊಡದ ಹೊರತು ನನ್ನ ಕೈ ಕಟ್ಟಿದೆ ಎಂದು ಹೇಳಿದರು.

ಗಂಡ ಬಂದದ್ದನ್ನು ನಾನು ನೋಡಿರಲಿಲ್ಲ. ಮಗಳ ಹಿಂದೆ ಹಿಂದೆ ಬಂದು ಚಾವಡಿಯ ಗೋಡೆಗೆ ಒರಗಿ ನಿಂತಿದ್ದ. ಗೌಡರು ಅವನನ್ನು ಕಂಡರು. ಮೀಸೆಯ ಹತ್ತಿ ಒರೆಸಿಕೊಳ್ಳುತ್ತ, "ಏನಪಾ, ನಿಮ್ಮ ಹಡಗ ಎಲ್ಲಿ ನಿಂತದ? ಭೀಮಾ ಹೊಳ್ಯಾಗೋ, ನಮ್ಮ ಹಳ್ಳದಾಗೋ?" ಎಂದು ಕೇಳಿದರು.

ಮತ್ತೆ ನಕ್ಕರು. ಅವನು ನೆಲ ನೋಡುತ್ತಿದ್ದ. ಅವನು ತಿರುಗಿ ಮನೆಗೆ ಹೋಗುತ್ತಾನೆ ಎಂದುಕೊಂಡೆ. ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಗಳು ಅವನ ಕಡೆ ನೋಡಲಿಲ್ಲ, ನನ್ನ ಕೈ ನೋಡುತ್ತಿದ್ದಳು. ನನಗೆ ಮಾಡಲು ಬೇರೆ ಕೆಲಸ ಇರಲಿಲ್ಲ, ಮತ್ತೆ ಹೊಡೆದೆ. ಏಳೆಂಟು ಏಟು ಹೊಡೆದಿರಬೇಕು.

"ಹಂಗಲ್ಲ," ಅಂದ ಗಂಡ.

ನಾನು ನಿಲ್ಲಿಸಲಿಲ್ಲ.

"ಹಂಗಲ್ಲ ಬೇ. ನರ ಸಡ್ಲ ಅದ. ಹಂಗ ಹೊಡದ್ರ ಎಳಿ ಬಿಡೂದಿಲ್ಲ, ಗಂಟ್ ಗಂಟ್ ಆಗ್ತದ. ಸಪ್ಪಳ ಕೇಳಿದ್ರ ಗೊತ್ತಾಗೂದಿಲ್ಲೇನು ನಿನಗ?"

ಗಿರದಾವರ ಕನ್ನಡಕ ಸರಿಮಾಡಿಕೊಂಡರು. "ನಿಮಗ ಹ್ಯಾಂಗ ಗೊತ್ತಾತು?"

ಗಂಡ ಒಂದು ಸಲ ಗೌಡರನ್ನು ನೋಡಿದ, ಒಂದು ಸಲ ಬಿಲ್ಲನ್ನು ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ ಬಂದು ನನ್ನ ಕೈಯಿಂದ ಬಿಲ್ಲು ಕಸಿದುಕೊಂಡ. ಕಾಲ ಬೆರಳಲ್ಲಿ ಒಂದು ತುದಿ ಒತ್ತಿ ಹಿಡಿದು, ಹಲ್ಲಲ್ಲಿ ನರ ಕಚ್ಚಿ ಎಳೆದು ಬಿಗಿದ. ಕೊಡತಿ ತಗೊಂಡು ಹೊಡೆದ. ಆ ದನಿ ಬೇರೆಯೇ. ಕಲ್ಲಿನಂತಿದ್ದ ಹತ್ತಿ ಎಂಟು ಹತ್ತು ಏಟಿಗೆ ಎದ್ದು ನಿಂತಿತು. ಇಸ್ತ್ರಿ ಮಾಡಿದ ಅಂಗಿಯ ಮೇಲೆಲ್ಲ ಎಳೆ ಹತ್ತಿತು. ಆ ಕೈ ಬಿಲ್ಲು ಬಿಟ್ಟು ಹದಿನಾಲ್ಕು ವರ್ಷ ಆಗಿತ್ತು. ಮೊದಲ ಹಿಡಿ ಹತ್ತಿಯನ್ನು ತೆಗೆದು ದೊಡ್ಡವ್ವನ ಕಡೆ ಚಾಚಿದ್ದು ಅವನಿಗೇ ಗೊತ್ತಿರಲಿಕ್ಕಿಲ್ಲ. ಅವಳು ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡಳು.

"ಸಾಕು," ಎಂದರು ಗಿರದಾವರ. ಹೊಸ ಹಾಳೆ ತೆಗೆದರು. ಹಿಂದೆ ಕೊಟ್ಟ ಹೇಳಿಕೆ ತಪ್ಪು, ನಮ್ಮದು ತಲೆಮಾರಿನಿಂದ ಹತ್ತಿ ಹಿಂಜುವ ಮನೆತನ, ನಾನು, ನನ್ನ ತಂದೆ ಇದೇ ಕೆಲಸ ಮಾಡಿದವರು ಎಂದು ಬರೆದು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಗಂಡ ಸಹಿ ಮಾಡಿದ. ಈ ಸಲ ಸಣ್ಣ ಸಹಿ, ಕೆಳಗೆ ಗೆರೆ ಇಲ್ಲ. ಸಾಕ್ಷಿಗೆ ಗೌಡರ ಸಹಿ, ವಾಲಿಕಾರನ ಸಹಿ, ದೊಡ್ಡವ್ವನ ಹೆಬ್ಬೆಟ್ಟು. ನಾನೂ ಒತ್ತುತ್ತೇನೆ ಅಂದೆ, ಅದರ ಜರೂರು ಇಲ್ಲ ಎಂದರು.

ಮನೆಗೆ ಬರುವಾಗ ಅವನು ಮುಂದೆ, ನಾವು ಹಿಂದೆ. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಅವನು ಆಮೇಲೆ ಬಿಲ್ಲು ಹಿಡಿದು ಕೆಲಸಕ್ಕೆ ನಿಂತ ಎಂದು ಬರೆದರೆ ಸುಳ್ಳಾಗುತ್ತದೆ. ಹಿಡಿಯಲಿಲ್ಲ. ಹಡಗಿನ ಕಥೆಯನ್ನು ಮಾತ್ರ ಊರಲ್ಲಿ ಹೇಳುವುದು ಬಿಟ್ಟ, ಬೀಗರ ಊರಿಗೆ ಹೋದಾಗ ಹೇಳುತ್ತಿದ್ದನೋ ಏನೋ. ಮಗಳಿಗೆ ಸೀಟು ಸಿಕ್ಕಿತು. ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ಕಲಿಸಿದಳು. ಮಟಕಿಯ ನಾದಿನಿ ಮೂರು ವರ್ಷ ನಮ್ಮ ಮನೆಗೆ ಕಾಲಿಡಲಿಲ್ಲ, ಅವಳ ಮಗ ಬೇರೆ ಹೆಣ್ಣು ನೋಡಿ ಮದುವೆಯಾದ ಮೇಲೆ ಬಂದಳು. ಆ ಕಡೆಯ ನಮ್ಮ ನೆಂಟರಲ್ಲಿ ಕೆಲವರು ಈಗ ಶೇಖ ಎಂದು ಬರೆಸುತ್ತಾರೆ. ಹತ್ತಿ ಹಿಂಜುವವರು ಈಗ ಯಾರೂ ಇಲ್ಲ. ಗುಲ್ಬರ್ಗಾದಲ್ಲಿ ಮಷೀನು ಬಂದು ಎಷ್ಟೋ ವರ್ಷ ಆಯಿತು. ಹೆಸರು ಮಾತ್ರ ಮೊದಲಿಗಿಂತ ಹೆಚ್ಚು ಕಡೆ ಕಾಣುತ್ತದೆ, ಅಂಗಡಿಯ ಬೋರ್ಡಿನ ಮೇಲೆ, ಟಂಟಂ ಗಾಡಿಯ ಹಿಂದೆ, ಮದುವೆ ಕಾರ್ಡಿನಲ್ಲಿ. ಅದರ ಅರ್ಥ ನನ್ನ ಮೊಮ್ಮಕ್ಕಳಿಗೂ ಗೊತ್ತಿರಲಿಲ್ಲ, ಕೇಳಿದಾಗ ಹೇಳಿದೆ. ಅಷ್ಟೇನಾ ಅಂದರು. ಅಷ್ಟೇ ಅಂದೆ.

ದೊಡ್ಡವ್ವ ಆ ರಾತ್ರಿ ದಿಂಬಿಲ್ಲದೆ ಮಲಗಿದಳು. ಮರುದಿನ ಬೆಳಿಗ್ಗೆ ನಾನು ಎದ್ದು ಚಾವಡಿಯಿಂದ ಗಂಟು ಕಟ್ಟಿ ತಂದಿದ್ದ ಅವಳ ಹತ್ತಿಯನ್ನು ಗವಸಿಗೆ ತುಂಬಿ, ಬಾಯಿ ಹೊಲಿದು ಅವಳ ಮನೆಗೆ ಒಯ್ದು ಕೊಟ್ಟೆ. ಅವಳು ಕೈಯಿಂದ ಒತ್ತಿ ನೋಡಿ, "ಭಾಳ ಮೆತ್ತಗಾಗ್ಯಾದ, ನನಗ ಇದರ ಮ್ಯಾಲ ನಿದ್ದಿ ಬರೂದಿಲ್ಲ," ಅಂದಳು. ಹಾಗಾದರೆ ಕಲ್ಲು ಇಟ್ಟುಕೊಂಡು ಮಲಗಿರಿ ಅಂದೆ. ಆಮೇಲೆ ಮಗಳನ್ನು ಕರೆದುಕೊಂಡು ಏಳು ಗಂಟೆಯ ಬಸ್ಸಿಗೆ ಜೇವರ್ಗಿಗೆ ಹೋಗಿ ತಹಸೀಲಿನ ಬಾಗಿಲಲ್ಲಿ ಕೂತೆ.